ಮೊಮ್ಮಗಳ ಹೆಸರಿಗೆ ರಾಷ್ಟ್ರಪತಿ ಚುನಾವಣೆ

ನಮ್ಮ ಬೀಗರಿಗೆ ತಲೆ ಸರಿಯಿಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಸುಮ್ಮನಿರೋಳಲ್ಲ. ಸರಿಯಾಗೇ ಇದೆ ಕಣ್ರೀ, ಬೇಕಾದ್ದಕ್ಕಿಂತ ಜಾಸ್ತೀನೇ ಇದೆ! ಅದೇ ತೊಂದರೆ.

ನನ್ನ ಮಗಳ ಮಾವ ಅವರು, ಟಿ. ನರಸೀಪುರದವರು. ತೊಂಬತ್ತೇಳರಲ್ಲಿ ರಾಷ್ಟ್ರಪತಿ ಚುನಾವಣೆ ನಡೀತಲ್ಲ, ರೇಡಿಯೋ ಕೇಳಿ ಕೇಳಿ ಅವರಿಗೆ ಹುಚ್ಚು ಹತ್ತಿತು. "ಅಕ್ಕಾ, ನಮ್ಮ ಎಮ್ಮೆಲ್ಲೆ ಹಾಕೋದು ಒಂದೇ ಚೀಟಿ, ಬೆಲೆ ಮಾತ್ರ ನೂರಮೂವತ್ತೊಂದು! ಜನ ಲೆಕ್ಕ ಹಾಕಿ ತೂಕ ಕೊಡ್ತಾರೆ. ಮುದ್ರೆ ಒತ್ತಂಗಿಲ್ಲ, ಇಷ್ಟದ ಪ್ರಕಾರ ಒಂದು, ಎರಡು, ಮೂರು ಅಂತ ಬರೀಬೇಕು. ಯಾರಿಗೂ ಅರ್ಧದ ಮೇಲೆ ಬರ್ಲಿಲ್ವಾ, ಕಡೆಯವನನ್ನ ತೆಗೆದು, ಅವನ ಚೀಟೀಲಿ ಎರಡು ಅಂತ ಯಾರಿಗಿದೆಯೋ ಅವರಿಗೆ ಸೇರಿಸ್ತಾರೆ!"

ಅವತ್ತಿಂದ ಅವರ ಮನೇಲಿ ಸಾರಿಗೂ ಇದೇ ಕಾನೂನು. ಬಸ್ಸಾರೋ, ಹುರುಳಿ ಸಾರೋ, ತಿಳಿಸಾರೋ ಅಂತ ಎಣಿಸಿ ಮುಗಿಸೋ ಹೊತ್ತಿಗೆ ಮುದ್ದೆ ಕಲ್ಲಾಗಿರ್ತಿತ್ತು!

ಅಷ್ಟರಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ಅಯ್ಯೋ, ಆ ಮುಖ! ರಸಬಾಳೆ ಸುಲಿದಿಟ್ಟಂಗೆ! ಹೆಸರಿಡೋ ದಿನ ಬೀಗರು ನಂಜನಗೂಡಿಗೆ ಬಂದಿಳಿದರು, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ. ಕೂಸಿಗೇನೋ ತಂದವ್ರೆ ಅಂದ್ಕೊಂಡೆ. ಮತಪೆಟ್ಟಿಗೆ!

ಕಣದಲ್ಲಿ ಮೂರು ಹೆಸರು. ನನಗೆ ನಮ್ಮವ್ವನ ಹೆಸರು ನೀಲಾ ಬೇಕು. ನನ್ನ ಮಗಳನ್ನ ಸಾಕಿಕೊಟ್ಟವಳೇ ಅವಳು, ಬಿಡ್ತೀನಾ? ಬೀಗರಿಗೆ ತೀರಿಕೊಂಡ ಹೆಂಡತಿಯ ಹೆಸರು ರಾಜಮ್ಮ. ಅವರ ಮಗಳಿಗೆ ಪಿಂಕಿ!

ಅವರ ಮನೇಲಿ ಹನ್ನೆರಡು ಜನ, ಕೂಸೂ ಸೇರಿ. ವೋಟು ಹಾಕೋರು ಬೀಗರು, ಅವರ ಮಗಳು, ನನ್ನ ಅಳಿಯ, ನನ್ನ ಮಗಳು. ಹನ್ನೆರಡನ್ನ ನಾಕು ಜನಕ್ಕೆ ಹಂಚಿದ್ರೆ ಒಂದೊಂದು ವೋಟಿಗೆ ಬೆಲೆ ಮೂರು. ನಮ್ಮನೇಲಿ ಇರೋದೇ ನಾನು, ನನ್ನ ಕಿರಿಮಗ, ಬೆಲೆ ಒಂದೊಂದೇ.

"ಹೆತ್ತ ಮಗಳಿಗೆ ಮೂರು, ನಂಗೆ ಒಂದಾ? ನಮ್ಮ ಹಸೂನೂ ಸೇರಿಸ್ಕೊಳಿ!"

"ಅದಕ್ಕೆ ಸಂವಿಧಾನ ತಿದ್ದಬೇಕು ಅಕ್ಕಾ."

ಎಣಿಕೆ ಶುರುವಾಯ್ತು. ಮೊದಲ ಚೀಟಿಯೇ ನನ್ನದು. ನಾಕನೇ ಕ್ಲಾಸು ಓದಿದ ನನಗೆ ಅಂಕಿ ಬರಲ್ವಾ? ಬತ್ತದೆ. ಆದ್ರೆ ಶುಭಕಾರ್ಯ ಅಂತ ನೀಲಾ ಮುಂದೆ ಕುಂಕುಮದ ಬೊಟ್ಟಿಟ್ಟಿದ್ದೆ.

"ಕುಲಗೆಟ್ಟ ವೋಟು! ಅಂಕಿ ಇಲ್ಲ."

"ಕುಂಕುಮ ಕಣ್ರೀ ಅದು!"

"ಆದ್ರೂ ಅಷ್ಟೇ."

ಬೀಗರು, ಅಳಿಯ ಸೇರಿ ರಾಜಮ್ಮನಿಗೆ ಆರು. ನನ್ನ ಮಗಳು, ಕಿರಿಮಗ ಸೇರಿ ನೀಲಾಗೆ ನಾಕು. ಪಿಂಕಿಗೆ ಮೂರು. ಗೆಲ್ಲೋಕೆ ಏಳು ಬೇಕು. ಪಿಂಕಿ ಔಟು! ಇನ್ನೇನು, ಆ ಹುಡುಗಿ ಎರಡನೇದು ತನ್ನವ್ವನ ಹೆಸರಿಗಲ್ದೆ ಇನ್ಯಾರಿಗೆ ಹಾಕ್ತಾಳೆ? ನಾನು ಸೋತಂಗೇ.

ಬೀಗರು ಚೀಟಿ ಬಿಚ್ಚಿದರು. ಇನ್ನೊಂದ್ಸಲ ನೋಡಿದರು. ಚೀಟಿ ಅವರ ಕೈಲೇ ಇತ್ತು, ಮುಚ್ಚಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಗಟ್ಟಿಯಾಗೇ ಓದಿದರು: "ಎರಡನೇದು... ನೀಲಾ. ಏಳು. ನೀಲಾ ಗೆದ್ದವಳೆ."

ನಾನು ಕುಣಿಯೋದೊಂದು ಬಾಕಿ!

"ಯಾಕವ್ವಾ?" ಅಂತ ಮಗಳನ್ನ ಕೇಳಿದರು.

"ಕೂಸು ರಚ್ಚೆ ಹಿಡಿದ್ರೆ ಅವ್ವನ ಹೆಸರಿಡಿದು ಎಂಗಪ್ಪಾ ಬೈಯೋದು?"

ಬೀಗರು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಅಂದರು, "ಅಷ್ಟು ವರ್ಷ ನಿಮ್ಮವ್ವನ್ನ ಏ, ಇವಳೇ ಅಂತಲೇ ಕೂಗ್ದೆ. ನಮ್ ಕಾಲದಲ್ಲಿ ಹೆಸರು ಹಿಡೀತಿದ್ವಾ? ಕೂಸಿಗಿಟ್ರೆ ಈಗಾದ್ರೂ ಬಾಯ್ತುಂಬ ಕರೀಬೋದು ಅಂತಿತ್ತು."

ಗೆದ್ದ ನಾನೇ ಅಂದೆ, "ಬೀಗರೇ, ಈಗ ಕೂಗಿ. ನಾವಿದೀವಲ್ಲ, ಯಾರೂ ನಗಲ್ಲ."

ಎದ್ದು ಬಾಗಿಲಿಗೆ ಹೋದರು. "ರಾಜಮ್ಮಾ..." ಅಂದರು, ಹೊಸ ಮದುವಣಿಗನ ಹಾಗೆ ನಾಚಿಕೊಂಡು. ನಾನು ಕೂಸನ್ನ ಎದೆಗೊತ್ತಿಕೊಂಡೆ, ಎಲ್ಲರೂ ಬಾಗಿಲ ಕಡೇನೇ ನೋಡಿದೆವು, ಹೊರಗಿನಿಂದ ಯಾರೋ ಓಗೊಡ್ತಾರೇನೋ ಅನ್ನೋ ಹಾಗೆ.