ಅತ್ತೆಯ ಬೆಳ್ಳಿ ರೂಪಾಯಿಯ ದರ್ಜೆ

ನಾನು ಪುಕ್ಕಲ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಮುಖವೇ ಡಂಗುರ ಸಾರುತ್ತದೆ. ಹಲ್ಲಿ ಲೊಚಗುಟ್ಟಿದರೂ ಎದ್ದು ಕೂರುವ ಪೈಕಿ. ಆದರೂ ಕೊಯಮತ್ತೂರಿನ ಬಳಿಯ ಸಿರುಮುಗೈಯ ನೇಕಾರರಿಗೆ ನನ್ನನ್ನು ಕಂಡರೆ ಭಯ! ಅವರು ನೇಯ್ದು ತಂದ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು, ಮೊದಲ ದರ್ಜೆಯೋ ಎರಡನೆಯದೋ ಎಂದು ಚೀಟಿ ಬರೆಯುವುದು ನೇಕಾರರ ಸಂಘದಲ್ಲಿ ನನ್ನ ಉದ್ಯೋಗ. ದಿನವಿಡೀ ದರ್ಜೆ ಕೊಡುವವನಿಗೆ ಮನೆಯ ವಸ್ತುಗಳಿಗೂ ಯಾರಾದರೂ ದರ್ಜೆ ಕೊಡಲಿ ಎನ್ನಿಸುವುದು ಒಂದು ರೋಗ. ಎಂಬತ್ತರ ದಶಕದಲ್ಲಿ ನನಗದು ತಗುಲಿದ್ದು ಅತ್ತೆಯ ಬೆಳ್ಳಿ ರೂಪಾಯಿಯಿಂದ.

ನಮ್ಮತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇದ್ದರು. ಅಳಿಯನಾದ ನನ್ನನ್ನು ತಮಿಳರ ಹಾಗೆ ಮಾಪ್ಳೆ ಎಂದೇ ಕರೆಯುತ್ತಿದ್ದರು. ಅವರ ದೇವರ ತಟ್ಟೆಯಲ್ಲಿ ರಾಣಿಯ ಮುಖದ ಹಳೆಯ ರೂಪಾಯಿಯೊಂದು ಲಕ್ಷ್ಮಿಯಾಗಿ ಕೂತಿತ್ತು. ಪ್ರತಿ ಶುಕ್ರವಾರ ಅದಕ್ಕೆ ಹುಣಸೆಹಣ್ಣಿನ ಸ್ನಾನ, ಮೇಲೊಂದು ಕುಂಕುಮದ ಬೊಟ್ಟು. ಹಳೆಯ ನಾಣ್ಯಗಳಿಗೂ ದರ್ಜೆ ಉಂಟೆಂದು ಯಾರೋ ಹೇಳಿದ್ದೇ ತಡ, ಒಂದು ಗುರುವಾರ ಅತ್ತೆಗೆ ತಿಳಿಸದೆ ಅದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಕೊಯಮತ್ತೂರಿನ ಬಸ್ಸು ಹತ್ತಿದೆ.

ಹಳೆಯ ನಾಣ್ಯ ಕೊಳ್ಳುವ ಮೊದಲ ಅಂಗಡಿಯವರು ಅದನ್ನು ಒಳಗೆ ಒಯ್ದು, ಹೊರಗೆ ಬಂದು, "ಮೊದಲ ದರ್ಜೆ ಸಾರ್" ಎಂದರು. ಎದೆ ಉಬ್ಬಿತು. ಅಷ್ಟಕ್ಕೇ ಮನೆಗೆ ಹೋಗಬಾರದಿತ್ತೆ? ಪಕ್ಕದ ಬೀದಿಯ ಅಂಗಡಿಯಲ್ಲೂ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಮೂಗು ಮುರಿದು, ಮೂರನೇ ದರ್ಜೆ, ಉಜ್ಜಿ ಉಜ್ಜಿ ಹಾಳು ಮಾಡಿದ್ದೀರಿ ಎಂದು ತಮಿಳಿನಲ್ಲಿ ಗದರಿದರು.

ಅಯ್ಯೋ ದೇವರೇ! ಹತ್ತು ನಿಮಿಷದಲ್ಲಿ ನಾಣ್ಯ ಎರಡು ದರ್ಜೆ ಇಳಿಯುವುದೆಂದರೇನು? ಇಳಿದಿಲ್ಲ, ಬದಲಾಗಿದೆ! ಒಳಗೆ ಒಯ್ದರಲ್ಲ, ಅಲ್ಲೇ! ಮೊದಲ ಅಂಗಡಿಗೆ ಓಡಿದೆ. ಅವರು ಇನ್ನೊಮ್ಮೆ ನೋಡಿ ನಿರಾಳವಾಗಿ, "ಮೂರನೇದೇ ಸಾರ್. ಅಪ್ಪೊ ವೆಳಿಚ್ಚಂ ಪತ್ತಲೆ" ಎಂದರು. ಆಗ ಬೆಳಕು ಸಾಲಲಿಲ್ಲವಂತೆ! ನಾಣ್ಯ ಬದಲಾಯಿಸಿದಿರಾ ಎಂದು ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು? "ನಂಡ್ರಿ" ಎಂದು ಧನ್ಯವಾದ ಹೇಳಿ ಕೈಮುಗಿದು ಬಂದೆ. ಬಸ್ಸು ಕಾರಮಡೈ ದಾಟುವಾಗ ಅಲ್ಲಿನ ಗುಡಿಯ ರಂಗನಾಥನಿಗೆ ಹರಕೆ ಹೊತ್ತೆ. ಅತ್ತೆ ಬೈದರೆ ತಡೆದುಕೊಳ್ಳಬಹುದು. ಅತ್ತರೆ? ಅವರ ತಾಯಿ ಕೊಟ್ಟದ್ದೆಂದು ಉಳಿದಿದ್ದುದು ಅದೊಂದೇ.

ಶುಕ್ರವಾರ ಬೆಳಿಗ್ಗೆ ಅತ್ತೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದವರು ನಡುವೆ ಕೈ ನಿಲ್ಲಿಸಿ ನಾಣ್ಯವನ್ನೇ ನೋಡತೊಡಗಿದರು. ನನಗೆ ತಡೆಯಲಾಗಲಿಲ್ಲ. ಗುರುವಾರದ್ದನ್ನೆಲ್ಲ ಕಕ್ಕಿಬಿಟ್ಟೆ.

ಅತ್ತೆ ಅಂಚನ್ನು ಉಗುರಿನಿಂದ ಸವರಿದರು. "ನಮ್ದೇ ಮಾಪ್ಳೆ, ಭಯ ಬೇಡ. ಇಗೋ ಬೆಸುಗೆ ಗಂಟು. ಸರದಾಗೆ ಹಾಕ್ಕೊಳಕೆ ನಮ್ಮವ್ವ ಇಲ್ಲಿ ಕೊಂಡಿ ಬೆಸೆಸಿದ್ಳು. ಇದನ್ನೂ ನೋಡೇ ಮೂರನೇದು ಅಂದಿರ್ತಾರೆ. ಮೊದಲ್ನೇದು ಅಂದವ್ನಿಗೆ ಕಣ್ಣು ತೋರಿಸ್ಕೊಳಕೆ ಹೇಳಿ!" ಎಂದು ನಕ್ಕು, "ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?" ಎಂದರು. ಹೋದ ಜೀವ ಬಂತು, ಜೊತೆಗೆ ನಾಚಿಕೆಯೂ ಬಂತು.

ಸೋಮವಾರ ಸಂಘದಲ್ಲಿ ನೇಕಾರ ಚೌಡಣ್ಣನವರ ಸೀರೆಗೆ ಮೊದಲ ದರ್ಜೆ ಎಂದು ಬರೆದುಕೊಟ್ಟೆ. ಅವರು ಕದಲಲಿಲ್ಲ.

"ತಪ್ಪು ತಿಳ್ಕೋಬೇಡಿ ಸಾಮಿ. ಹೋದ ವಾರ ಇದೇ ಸೀರೆನ ಎರಡನೇದು ಅಂತ ವಾಪಸ್ ಕಳ್ಸಿದ್ರಿ. ಒಂದು ಎಳೆ ಮುಟ್ಟಿಲ್ಲ, ಹಂಗೇ ತಂದಿದೀನಿ. ಯಾವ್ದು ಸರಿ ಅಂತ ಹೇಳಿದ್ರೆ ಇನ್ಮೇಲೆ ಅದೇ ತರ ನೇಯ್ತೀನಿ."

ಹಳೆಯ ಚೀಟಿಯನ್ನು ಹೊಸದರ ಪಕ್ಕ ಇಟ್ಟರು. ಎರಡರಲ್ಲೂ ಇದ್ದುದು ನನ್ನದೇ ಅಕ್ಷರ. ನಾನು ಚೀಟಿ ನೋಡಿದೆ, ಸೀರೆ ನೋಡಿದೆ, ಕಿಟಕಿ ನೋಡಿದೆ.

"ಹೋದ ವಾರ ಬೆಳಕು ಸಾಲಲಿಲ್ಲ ಚೌಡಣ್ಣ" ಎಂದೆ.

"ನಂಡ್ರಿ ಸಾಮಿ" ಎಂದು ಕೈಮುಗಿದು ಹೋದರು. ಆವತ್ತಿನಿಂದ ನೇಕಾರರ ಜೊತೆ ನನಗೂ ನನ್ನನ್ನು ಕಂಡರೆ ಭಯ.