ಬಿ ಹನ್ನೆರಡನೇ ಕುರ್ಚಿ

ನಮ್ಮ ಸದಾಶಿವಗಡದ ಸ್ಟೇಡಿಯಮ್ಮಿನಲ್ಲಿ ನಮ್ಮವರು ಹೊಡೆದ ಚೆಂಡು ಗೋಲಿನೊಳಗೆ ಹೋಗುವುದು ಅಪರೂಪ, ಬಾಕಿದ್ದೆಲ್ಲ ದಿನಾ ಆಗ್ತಾನೇ ಇರ್ತದೆ. ಒಂಬತ್ತನೇ ಕ್ಲಾಸಿಗೆ ನಾನು ಶಾಲೆಗೂ ಶಾಲೆ ನನಗೂ ಸಾಕಾಯಿತು. ಗಂಟಲು ದೊಡ್ಡದು ಅಂತ ಊರಿನ ಫುಟ್‌ಬಾಲ್ ತಂಡದ ಅಧ್ಯಕ್ಷರು ನನ್ನನ್ನು ಮೈಕಿಗೆ ಕೂರಿಸಿದರು. ಅವರು ಮೊದಲು ಮೀನುಬೋಟು ನಡೆಸುವ ತಾಂಡೇಲರು. ಈಗ ತಂಡವನ್ನೂ ಹೊಸ ಸ್ಟೇಡಿಯಮ್ಮನ್ನೂ ನಡೆಸುತ್ತಾರೆ. ಲೀಗಿನ ಸಾಹೇಬರು ಬಂದು ನೋಡಿ ಸ್ಟೇಡಿಯಂ ಪಾಸು ಮಾಡದಿದ್ದರೆ ಈ ವರ್ಷ ನಮ್ಮ ಆಟವೆಲ್ಲ ಗೋವಾದಲ್ಲಿ.

"ಗೋವಾಕ್ಕೆ ಹೋಗಿ ಆಡೂದಾದ್ರೆ ನಾ ಇದನ್ನ ಕಟ್ಟಿದ್ದು ದನ ಮೇಸೂಕಾ?" ಅಂತ ಅಧ್ಯಕ್ಷರಿಗೆ ಊಟ ಸೇರುತ್ತಿರಲಿಲ್ಲ.

೧. ಬೋಟಿನ ಕಾನೂನು

ಅಂಕೋಲೆಯವರ ಜೊತೆ ಅಭ್ಯಾಸ ಪಂದ್ಯ. ನಮ್ಮವನೊಬ್ಬನಿಗೆ ರೆಫರಿ ಕೆಂಪು ಕಾರ್ಡು ತೋರಿಸಿದರು. ಅಧ್ಯಕ್ಷರು ಎದ್ದು ಉಳಿದ ಹತ್ತೂ ಜನರನ್ನು ಹೊರಗೆ ಕರೆದರು. ಒಬ್ಬನನ್ನು ದಡಕ್ಕೆ ಹಾಕಿ ಉಳಿದವರು ಬೋಟು ಬಿಡುವ ಪದ್ಧತಿ ತಮ್ಮಲ್ಲಿಲ್ಲವಂತೆ. ಆಟ ಅಲ್ಲಿಗೇ ಮುಗಿಯಿತು. ಅಷ್ಟರಲ್ಲೇ ಐದು ಗೋಲು ತಿಂದಿದ್ದೆವು, ಇನ್ನೂ ಅರ್ಧ ಆಟ ಬಾಕಿ ಇತ್ತು.

ಕೋಚು ನನ್ನ ಕಿವಿಯಲ್ಲಿ ಹೇಳಿದರು: "ನಮ್ಮ ಗೋಲ್‌ಕೀಪರ್ ವರ್ಷವಿಡೀ ತಡೆದದ್ದಕ್ಕಿಂತ ಹೆಚ್ಚು ಗೋಲು ಅಧ್ಯಕ್ಷರು ಒಂದೇ ಸಲ ತಡೆದ್ರು ನೋಡು."

೨. ಗ್ಯಾಲರಿ ತುಂಬಿತು

ಪಂದ್ಯ ಇಲ್ಲದ ದಿನ ಗ್ಯಾಲರಿ ಖಾಲಿ, ಒಳ್ಳೇ ಬಿಸಿಲು. ಅಧ್ಯಕ್ಷರನ್ನು ಎತ್ತಿ ಆಡಿಸಿದ ಅವರ ಅಕ್ಕ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು ನೀಲಿ ಕುರ್ಚಿಗಳ ಮೇಲೆ ಬಂಗಡೆ ಮೀನು ಒಣಹಾಕಿದರು. ಅಧ್ಯಕ್ಷರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಜಾಗಕ್ಕೆ ಜಗಳ ಆಗಬಾರದೆಂದು ನಾನು ತಮಾಷೆಗೆ ಎಲ್ಲರಿಗೂ ಹಳೇ ಪಂದ್ಯದ ಟಿಕೆಟು ಹಂಚಿದೆ. ಅವರು ಅದನ್ನು ತಮಾಷೆ ಅಂದುಕೊಳ್ಳಲಿಲ್ಲ; ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಕ್ಕನಿಗೆ ಬಿ ಹನ್ನೆರಡು.

ಮೈಕಿನ ಕೋಣೆಯಿಂದ ನೋಡಿದೆ. ಸಾಲು ಸಾಲು ಬಂಗಡೆ, ಎಲ್ಲವೂ ಮೈದಾನದ ಕಡೆಗೇ ಮುಖ. ನಮ್ಮ ತಂಡಕ್ಕೆ ಅಷ್ಟು ಜನ ಯಾವತ್ತೂ ಬಂದಿರಲಿಲ್ಲ.

೩. ಮಳೆ

ಗುರುವಾರ ಬರಬೇಕಿದ್ದ ಸಾಹೇಬರು ಬುಧವಾರವೇ ಗೇಟಿಗೆ ಬಂದು ನಿಂತರು. ಗ್ಯಾಲರಿ ತುಂಬ ಬಂಗಡೆ. ಅಧ್ಯಕ್ಷರು ಮೇಲೆ ಮೈಕಿನ ಕೋಣೆಯಲ್ಲಿದ್ದ ನನ್ನ ಕಡೆ ನೋಡಿ ಕೈ ಮುಗಿದರು. ಗೋವಾದ ಬಸ್ಸು ನನ್ನ ಕಣ್ಣಿಗೇ ಕಂಡಿತು. ಹೆಂಗಸರಿಗೆ ಕಾನೂನು ಹೇಳಿದರೆ ಕೇಳುತ್ತಾರೆಯೇ? ಮೈಕು ಹಿಡಿದು ಒಂದೇ ಮಾತು ಹೇಳಿದೆ: "ಮಳೆ ಬಂತು."

ಮೀನು ಒಣಹಾಕಿದವರಿಗೆ ಅಷ್ಟೇ ಸಾಕು. ಆಕಾಶ ನೋಡಲೂ ಯಾರೂ ನಿಲ್ಲಲಿಲ್ಲ. ಎರಡೇ ನಿಮಿಷಕ್ಕೆ ಬುಟ್ಟಿ, ಚಾಪೆ, ಬಂಗಡೆ ಎಲ್ಲ ಆರೂ ಬಾಗಿಲಿನಿಂದ ಹೊರಗೆ. ಸಾಹೇಬರು ಗಡಿಯಾರ ನೋಡಿಕೊಂಡರು. ಬೆಂಕಿ ಬಿದ್ದರೆ ಜನ ಹೊರಗೆ ಹೋಗುವ ತಾಲೀಮು ಇಷ್ಟು ಚೆನ್ನಾಗಿ ಎಲ್ಲೂ ಕಂಡಿಲ್ಲ ಅಂದರು. ವಾಸನೆ ಮಾತ್ರ ಎಂಥದ್ದು ಅಂತ ಕೇಳಿದರು.

"ಸಮುದ್ರ ಹತ್ರ ಅದೆ ಸರ್," ಅಂದರು ಅಧ್ಯಕ್ಷರು.

ಸಾಹೇಬರು ನೆರಳಿಲ್ಲದಿದ್ದರೂ ಅಲ್ಲೇ ಒಂದು ಕುರ್ಚಿಯಲ್ಲಿ ಕೂತು ವರದಿ ಬರೆಯತೊಡಗಿದರು. ಅಷ್ಟರಲ್ಲಿ ಮಳೆ ಇಲ್ಲವೆಂದು ಗೊತ್ತಾಗಿ ಅಕ್ಕ ವಾಪಸು ಬಂದರು, ತಲೆಯ ಮೇಲೆ ಬುಟ್ಟಿ. ಸಾಹೇಬರ ಎದುರು ನಿಂತು ಸೆರಗಿನ ಗಂಟು ಬಿಚ್ಚಿ ಟಿಕೆಟು ತೋರಿಸಿದರು.

"ಬಿ ಹನ್ನೆರಡು ನಂದು. ನಿಮ್ದು ಟಿಕೆಟ್ ಅದೆಯಾ?"

ಸಾಹೇಬರು ಎರಡೂ ಜೇಬು ತಡಕಿ, ತಪ್ಪಾಯ್ತು ಅಂತ ಎದ್ದು, ನಿಂತುಕೊಂಡೇ ಪಾಸು ಅಂತ ಬರೆದರು.

ಲೀಗಿನ ಮೊದಲ ಪಂದ್ಯಕ್ಕೆ ಸಾಹೇಬರೂ ಬಂದಿದ್ದರು. ಕೌಂಟರಿನಲ್ಲಿ ದನಿ ತಗ್ಗಿಸಿ ಕೇಳಿದರು: "ಬಿ ಹನ್ನೆರಡು ಬಿಟ್ಟು ಯಾವುದಾದ್ರೂ ಕೊಡಿ."