ಶನಿವಾರಗಳಂದು ಡೆಲ್ಬರ್ಟ್ ಹಾಗ್ವುಡ್ ಎಲ್ಲಿರತಕ್ಕದ್ದು

ಕೌಂಟಿ ರಸ್ತೆ ನಿರ್ವಹಣಾ ಇಲಾಖೆ
ಪಿಕೆಟ್ಸ್ ಬೆಂಡ್, ಅಲಬಾಮಾ

ಸುತ್ತೋಲೆ ಸಂಖ್ಯೆ: ರನಿಇ/ಮುಳ್ಳು/ಶನಿ/19
ದಿನಾಂಕ: ಸೋಮವಾರ (ಗೆದ್ದ ವಾರ)

ವಿಷಯ: ವಿಶ್ವವಿದ್ಯಾಲಯದ 'ಮುಳ್ಳುಹಂದಿ' ಫುಟ್‌ಬಾಲ್ ತಂಡದ ಹಿತದೃಷ್ಟಿಯಿಂದ ಇಲಾಖೆಯ ಉಗ್ರಾಣಪಾಲಕ ಶ್ರೀ ಡೆಲ್ಬರ್ಟ್ ಹಾಗ್ವುಡ್ ಅವರ ಶನಿವಾರದ ಜಾಗ ನಿಗದಿಪಡಿಸುವ ಕುರಿತು.

ಉಲ್ಲೇಖ:
1. ಎದುರಾಳಿ 'ನೀರುನಾಯಿ' ತಂಡದ ಬಣ್ಣ ಕಿತ್ತಳೆಯಾಗಿರುವುದರಿಂದ, ರಸ್ತೆಗುಂಡಿಗಳ ಮುಂದೆ ಎಚ್ಚರಿಕೆಗೆ ಇಡುವ ಕಿತ್ತಳೆ ಶಂಕುಗಳಿಗೆ ಪಂದ್ಯದ ವಾರ ನಮ್ಮ ತಂಡದ ಬಣ್ಣವಾದ ನೇರಳೆಯ ಚೀಲ ತೊಡಿಸುವ ಬಗ್ಗೆ ಹೊರಡಿಸಿದ್ದ ಸುತ್ತೋಲೆ (ಮೇಲಧಿಕಾರಿಗಳ ಕಾರೇ ಗುಂಡಿಗೆ ಬಿದ್ದ ನಂತರ ಹಿಂಪಡೆಯಲಾಗಿದೆ).
2. ಶ್ರೀ ಹಾಗ್ವುಡ್ ಅವರ ಇಂದಿನ ಮನವಿ: "ನನ್ನ ಸೀಟು ನನಗೆ ವಾಪಸ್ ಕೊಡಿ."
3. ಊರಿನವರ ಬಾಯಿಮಾತಿನ ಒತ್ತಡ.

ಪ್ರಸ್ತಾವನೆ:

ತಂಡ ಸೋತ ಮರು ಸೋಮವಾರ ಈ ಇಲಾಖೆ ಎಳೆಯುವ ಹಳದಿ ಗೆರೆಗಳು ಸೊಟ್ಟಗಿರುತ್ತವೆ ಎಂಬುದು ಪರಿವೀಕ್ಷಣೆಯಿಂದ ದೃಢಪಟ್ಟಿದೆ. ಆದ್ದರಿಂದ ತಂಡದ ಗೆಲುವು ಇಲಾಖೆಯ ವ್ಯಾಪ್ತಿಗೆ ಬರುತ್ತದೆ.

ಗೆಲುವಿಗೆ ಕಾರಣ ಕ್ರೀಡಾಂಗಣದ ಉತ್ತರ ಗ್ಯಾಲರಿಯಲ್ಲಿರುವ ಶ್ರೀ ಹಾಗ್ವುಡ್ ಅವರ ಸೀಟೇ ಎಂದು ಊರು ಇದುವರೆಗೆ ನಂಬಿತ್ತು. ಅವರೂ ಆ ನಂಬಿಕೆಗೆ ತಕ್ಕಂತೆ ಬಾಳಿದ್ದಾರೆ. ಪಂದ್ಯದ ಬೆಳಗ್ಗೆ ನಿಂತುಕೊಂಡೇ ಮೊಟ್ಟೆ ತಿನ್ನುತ್ತಾರೆ. ಎಡಗಾಲಿನ ಬೂಟನ್ನು ಮೊದಲು ಹಾಕುತ್ತಾರೆ. ಅಂಚೆಪೆಟ್ಟಿಗೆಗೆ ಟ್ರಕ್ಕಿನಲ್ಲಿ ಹಿಮ್ಮುಖವಾಗಿ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಮೂತ್ರಪಿಂಡದ ಕಲ್ಲಿನಿಂದ ಅವರು ಆಸ್ಪತ್ರೆ ಸೇರಿದ ವರ್ಷ ನೀರುನಾಯಿಗಳು ಗೆದ್ದವು. ಆಗ ಸಹೋದ್ಯೋಗಿಗಳು ಹೂವಿನ ಜೊತೆ ಕಳಿಸಿದ ಚೀಟಿಯಲ್ಲಿ "ಇನ್ನೊಂದು ಕಲ್ಲಾದರೆ ಬೇಸಿಗೆಯಲ್ಲಿ ಆಗಲಿ" ಎಂದಿತ್ತು.

ಶರತ್ಕಾಲದಲ್ಲಿ ತಂಡಕ್ಕೆ ಆಟವಿಲ್ಲದ ಶನಿವಾರ ಒಂದೇ ಒಂದು. ಈ ಊರಿನ ಮದುವೆ, ಹಲ್ಲು ಕೀಳಿಸುವುದು, ಸೂರು ರಿಪೇರಿ, ಅತ್ತೆಯನ್ನು ನೋಡಿಬರುವುದು ಎಲ್ಲವೂ ಅಂದೇ. ಶ್ರೀ ಹಾಗ್ವುಡ್ ಅವರ ಒಬ್ಬಳೇ ಮಗಳು ಕುಮಾರಿ ಟ್ಯಾನ್ಸಿ ಕಳೆದ ವರ್ಷವೇ ಆ ದಿನಕ್ಕೆ ಚರ್ಚನ್ನು ಗೊತ್ತುಮಾಡಿಕೊಂಡಿದ್ದರು. ಅಷ್ಟರಲ್ಲಿ ಚಂಡಮಾರುತ ಬಂದು, ನೀರುನಾಯಿಗಳೊಡನೆ ನಡೆಯಬೇಕಿದ್ದ ಪಂದ್ಯ ಮುಂದೆ ಹೋಗಿ ಅದೇ ಶನಿವಾರಕ್ಕೆ ಬಿದ್ದಿತು. ಮದುವೆಯ ಮುಹೂರ್ತಕ್ಕೇ ಆಟ.

ಸದರಿ ಕುಟುಂಬದ ಅಡುಗೆಮನೆಯಲ್ಲಿ ನಡೆದ ಸಮಾಲೋಚನೆಯನ್ನು, ಬೇಲಿಯಾಚೆ ನಿಂತಿದ್ದ ಇಲಾಖಾ ನೌಕರರು ಕೇಳಿದಂತೆ ದಾಖಲಿಸಲಾಗಿದೆ.

ಪತ್ನಿ ಶ್ರೀಮತಿ ರೂಬೆಲ್: "ಸೀಟು ಕಾಯೋಕೆ ಇಡೀ ಊರಿದೆ. ಚರ್ಚಲ್ಲಿ ಮಗಳ ಕೈ ಹಿಡ್ಕೊಂಡು ನಡೆಯೋಕೆ ನೀನೊಬ್ಬನೇ ಇರೋದು, ಡೆಲ್ಬರ್ಟ್."

ಶ್ರೀ ಹಾಗ್ವುಡ್: "ಬರಲ್ಲ ಅಂದ್ನಾ ನಾನು? ಬೆಳಗ್ಗೆ ಏಳಕ್ಕೆ ಇಟ್ಕೊಳ್ಳಿ ಅಂದೆ, ಅಷ್ಟೇ."

ಕು. ಟ್ಯಾನ್ಸಿ: "ಅಪ್ಪಾ, ಏಳು ಗಂಟೆಗೆ ಕೋಳೀನೂ ಮದುವೆ ಆಗಲ್ಲ."

ಮಗಳ ಮಾತೇ ಗೆದ್ದಿತು. ಮೊನ್ನೆ ಶನಿವಾರ ಶ್ರೀ ಹಾಗ್ವುಡ್ ಫೋನನ್ನು ಹೆಂಡತಿಯ ಕೈಚೀಲಕ್ಕೆ ಹಾಕಿ, ಬರಿಗಿವಿಯಲ್ಲಿ ಚರ್ಚಿಗೆ ಬಂದರು. ಉಳಿದ ಅತಿಥಿಗಳ ಬಗ್ಗೆ ಹಾಗೆ ಹೇಳುವಂತಿಲ್ಲ. ಟೋಪಿಗಳಲ್ಲಿ ರೇಡಿಯೋ, ಗಾಯಕಿಯರ ತುರುಬಿನಲ್ಲಿ ಇಯರ್‌ಫೋನು. "ಈ ಮದುವೆಗೆ ಯಾರದಾದರೂ ಆಕ್ಷೇಪವಿದೆಯೇ?" ಎಂದು ಪಾದ್ರಿಗಳಾದ ಬ್ರದರ್ ಆಸ್ಕರ್ ಕೇಳಿದ ಗಳಿಗೆಗೇ ಮೈದಾನದಲ್ಲಿ ಚೆಂಡು ಹಿಡಿದು ಓಡುತ್ತಿದ್ದ ನಮ್ಮ ಹುಡುಗನ ಕೈಯಿಂದ ಅದು ಜಾರಿತು. ಇಡೀ ಚರ್ಚು ಎದ್ದು ನಿಂತು "ಅಯ್ಯೋ, ಬೇಡ! ಬೇಡ!" ಎಂದು ಕೂಗಿತು.

"ಇದು ನಿಮ್ಮ ವಿಷಯ ಅಲ್ಲಮ್ಮ, ನೀವು ಮುಂದುವರಿಸಿ" ಎಂದು ಬ್ರದರ್ ಆಸ್ಕರ್ ವಧುವನ್ನು ಸಮಾಧಾನಪಡಿಸಿದರು. ಪಾದ್ರಿಗಳ ಎಡಗಿವಿಯಲ್ಲೂ ಒಂದು ಇಯರ್‌ಫೋನಿತ್ತು.

ಸ್ಕೋರು ತಿಳಿಯದೆ ಮಗಳನ್ನು ನೋಡುತ್ತಾ ಅಳುತ್ತಿದ್ದವರು ಶ್ರೀ ಹಾಗ್ವುಡ್ ಒಬ್ಬರೇ. ಅಳುವಿನ ಕಾರಣವನ್ನು ತಪ್ಪಾಗಿ ಗ್ರಹಿಸಿದ ವರ ಶ್ರೀ ವೇಡ್ ಲೆಡ್‌ಬೆಟರ್ ಮಾವನ ಬೆನ್ನು ತಟ್ಟಿ, "ಬಿಡಿ ಮಾವ, ಇನ್ನೂ ಒಂದು ಕ್ವಾರ್ಟರ್ ಆಟ ಬಾಕಿ ಇದೆ" ಎಂದರು.

ಮಧ್ಯಾಹ್ನವಿಡೀ ಹಿಂದಿದ್ದ ಮುಳ್ಳುಹಂದಿಗಳು ಕೊನೆಯ ನಿಮಿಷದಲ್ಲಿ ಗೆದ್ದವು. ಆಗ ಆ ಸೀಟು ಖಾಲಿಯಿತ್ತು. ಅದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಇಷ್ಟು ದಿನ ಕಾಫಿ ಕೊಡಿಸುತ್ತಿದ್ದ ಜನ ಇಂದು ಬೆಳಗ್ಗೆ ಶ್ರೀ ಹಾಗ್ವುಡ್ ಅವರನ್ನು ಕಂಡು ಬೇರೆ ಮೇಜಿಗೆ ಎದ್ದುಹೋದರು. "ಇವನು ಇದ್ರೂ ಗೆಲ್ತಿದ್ವಲ್ಲ, ನಮ್ಮ ಹುಡುಗ್ರು ಎಷ್ಟು ಗಟ್ಟಿ ನೋಡಿ" ಎಂಬುದು ಈಗ ಊರಿನ ಮಾತು; ಅವರು ಆ ಸೀಟಿನತ್ತ ಮತ್ತೆ ಸುಳಿಯಬಾರದೆಂಬುದು ಊರಿನ ಒತ್ತಡ.

ಆದೇಶ:

1. ಉಳಿದಿರುವ ತವರು ಪಂದ್ಯಗಳ ವೇಳೆ ಶ್ರೀ ಹಾಗ್ವುಡ್ ಕ್ರೀಡಾಂಗಣದಲ್ಲಿ ಇರತಕ್ಕದ್ದಲ್ಲ. ಚರ್ಚಿನಲ್ಲಿ ಮಗಳ ಕೈಹಿಡಿದು ಪೀಠದವರೆಗೆ ನಡೆದು, ಆಕೆಯನ್ನು ಮದುವೆ ಮಾಡಿಕೊಡುತ್ತಿರತಕ್ಕದ್ದು.

2. ಮದುವೆಯಾದ ಹೆಣ್ಣನ್ನು ಅದೇ ಗಂಡಿಗೆ ವಾರವಾರ ಮದುವೆ ಮಾಡಿಕೊಡಬಾರದೆಂಬ ನಿಯಮ ಇಲಾಖೆಗೆ ಕಂಡುಬಂದಿಲ್ಲ. ಹುಡುಕಿಯೂ ಇಲ್ಲ.

3. ಮಧುಚಂದ್ರವನ್ನು ಆಟದ ಋತುವಿನ ಅಂತ್ಯಕ್ಕೆ ಮುಂದೂಡಲಾಗಿದೆ. ಋತು ಮುಗಿದ ಮೇಲೆ ತಂಡ ಚಾಂಪಿಯನ್‌ಷಿಪ್ಪಿಗೆ ಹೋದಲ್ಲಿ ಮಧುಚಂದ್ರವೂ ತಂಡದ ಹಿಂದೆಯೇ ಹೋಗತಕ್ಕದ್ದು.

4. ಮದುವೆಯ ಉಡುಪನ್ನು ಒಗೆಯಕೂಡದು. ಅದರ ಮೇಲೆ ಬಿದ್ದಿರುವ ಬಾರ್ಬೆಕ್ಯೂ ಸಾಸಿನ ಕಲೆಯನ್ನು ಈಗಿರುವ ಅಳತೆಯಲ್ಲೇ ಕಾಪಾಡತಕ್ಕದ್ದು. ಮಾಸಿದಲ್ಲಿ ಶ್ರೀಮತಿ ರೂಬೆಲ್ ಒಂದು ಚಮಚ ಸಾಸನ್ನು ಅದೇ ಎತ್ತರದಿಂದ ಬೀಳಿಸುವುದು. ಮದುವೆ ಊಟಕ್ಕೆ ಅದೇ ಅಂಗಡಿಯ ಹಂದಿಮಾಂಸ, ಅದೇ ಸಿಹಿ ಚಹಾ.

5. "ಅಯ್ಯೋ, ಬೇಡ! ಬೇಡ!" ಎಂಬ ಕೂಗು ಮೊನ್ನೆಯಷ್ಟೇ ಮನಃಪೂರ್ವಕವಾಗಿರಬೇಕು. ತಾಲೀಮು ಗುರುವಾರ, ಡಾಂಬರು ಯಂತ್ರದ ಶೆಡ್ಡಿನಲ್ಲಿ. ಗೈರುಹಾಜರಾದವರಿಗೆ ಬೇಯಿಸಿದ ಕಡಲೆಕಾಯಿ ಇಲ್ಲ.

6. ಶ್ರೀ ಹಾಗ್ವುಡ್ ಅವರ ಕಣ್ಣೀರು ಸ್ವಾಭಾವಿಕವಾಗಿರತಕ್ಕದ್ದು. ಈರುಳ್ಳಿ ಬಳಸುವಂತಿಲ್ಲ. ಅಳು ಬಾರದಿದ್ದಲ್ಲಿ ಲಿಖಿತ ಸಮಜಾಯಿಷಿ ಸಲ್ಲಿಸುವುದು.

7. ಉಲ್ಲೇಖ (2)ರ ಮನವಿಯ ಬಗ್ಗೆ ಶ್ರೀ ಹಾಗ್ವುಡ್ ಅವರನ್ನು ಖುದ್ದು ವಿಚಾರಿಸಲಾಯಿತು. "ಅದು ನಮ್ಮಪ್ಪ ಕೂತಿದ್ದ ಸೀಟು ಸಾರ್. ಒಂದೇ ಒಂದು ಆಟ. ಕಣ್ಮುಚ್ಕೊಂಡು ಕೂರ್ತೀನಿ, ಬೇಕಾದ್ರೆ ತಿರುಗಿ ಕೂರ್ತೀನಿ" ಎಂದರು. ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಯಿತು. ಅವರು ಉಗ್ರಾಣಕ್ಕೆ ಹೋಗಿ, ಮೊದಲೇ ಸರಿಯಾಗಿದ್ದ ಬಣ್ಣದ ಡಬ್ಬಿಗಳನ್ನು ಊಟದ ಹೊತ್ತಿನವರೆಗೆ ಜೋಡಿಸುತ್ತಾ ಕುಳಿತರು.

8. ಊಟದ ಹೊತ್ತಿಗೆ ಶ್ರೀಮತಿ ಟ್ಯಾನ್ಸಿ ಉಗ್ರಾಣಕ್ಕೆ ಬಂದು ಡಬ್ಬಿಯೊಂದರ ಮೇಲೆ ಕುಳಿತು ನೀಡಿದ ಹೇಳಿಕೆ: "ಅಪ್ಪಾ, ಮುಖ ಸಪ್ಪಗೆ ಮಾಡ್ಬೇಡ. ನಡೀತಾ ನಡೀತಾ ಸ್ಕೋರ್ ನಾನೇ ಹೇಳ್ತೀನಿ ನಿಂಗೆ. ಮುಸುಕಿನೊಳಗೆ ಇಯರ್‌ಫೋನ್ ಹಾಕೊಂಡ್ರೆ ಯಾರಿಗೂ ಕಾಣಲ್ಲ. ಮೊನ್ನೇನೂ ಹಾಕೊಂಡಿದ್ದೆ."

"ಮೊನ್ನೇನೂ?"

"ಚೆಂಡು ಬಿತ್ತಲ್ಲ, ಆಗ ನಿನ್ನ ಕೈ ಚಿವುಟಿದ್ದು ಯಾಕೆ ಅಂದ್ಕೊಂಡೆ?"

"ಮದುವೆ ಗಾಬರಿ ಅಂದ್ಕೊಂಡೆ ಕಣೇ."

"ವೇಡ್‌ನ ಮದುವೆ ಆಗೋಕೆ ಗಾಬರಿ ಯಾಕಪ್ಪಾ? ಗಾಬರಿ ಆಗಿದ್ದು ನೀರುನಾಯಿಗಳಿಗೆ ಚೆಂಡು ಸಿಕ್ತಲ್ಲ, ಅದಕ್ಕೆ."

ಶ್ರೀ ಹಾಗ್ವುಡ್ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು. ನಂತರ ಪೆನ್ನು ಕೇಳಿ ಪಡೆದು, ಮನವಿಯನ್ನು ಸ್ವಇಚ್ಛೆಯಿಂದ ಹಿಂಪಡೆದಿದ್ದಾರೆ.

9. ಸದರಿ ಇಯರ್‌ಫೋನನ್ನು ವಧುವಿನ ಒಡವೆ ಎಂದು ಪರಿಗಣಿಸತಕ್ಕದ್ದು. ತಂಡ ಹಿಂದೆ ಬಿದ್ದಾಗ ಒಂದು ಚಿವುಟು, ನಮಗೆ ಅಂಕ ತರುವ ಟಚ್‌ಡೌನಿಗೆ ಎರಡು. ತೋಳಿನ ಮೇಲಾಗುವ ಗಾಯಕ್ಕೆ ಇಲಾಖೆ ಜವಾಬ್ದಾರಿಯಲ್ಲ.

(ಸಹಿ)
ಅಧೀಕ್ಷಕರು
(ಗೆದ್ದ ವಾರವಾದ್ದರಿಂದ ನೇರಳೆ ಶಾಯಿಯಲ್ಲಿ)

ಪ್ರತಿಗಳು:
1. ಶ್ರೀ ಡೆಲ್ಬರ್ಟ್ ಹಾಗ್ವುಡ್: ಪಾಲನೆಗಾಗಿ, ಕರವಸ್ತ್ರ ಸಮೇತ.
2. ಶ್ರೀಮತಿ ರೂಬೆಲ್ ಹಾಗ್ವುಡ್: ಚಮಚ ಸಮೇತ.
3. ಬ್ರದರ್ ಆಸ್ಕರ್: ಪ್ರಾರ್ಥನೆಯನ್ನು ಎರಡನೇ ಕ್ವಾರ್ಟರಿನೊಳಗೆ ಮುಗಿಸುವ ಕೋರಿಕೆಯೊಂದಿಗೆ.
4. ನೀರುನಾಯಿಗಳ ಊರಿನ ರಸ್ತೆ ಇಲಾಖೆ: ಕಳಿಸಕೂಡದು.
5. ವರ ಶ್ರೀ ವೇಡ್ ಲೆಡ್‌ಬೆಟರ್: ಮಾಹಿತಿಗಾಗಿ. ಪ್ರತಿ ಶನಿವಾರವೂ ವಧುವನ್ನು ಮೊದಲ ಸಲ ಕಂಡಂತೆ ನೋಡತಕ್ಕದ್ದು.